ಮೊಗ್ಗು ಕಟ್ಟಿದವರು ಯಾರು

ಅಕ್ಟೋಬರ್ ೬

ಮೇಡಂ ಅವರ ಸನ್ನಿಧಾನಕ್ಕೆ,

ನಿಮ್ಮ ಹತ್ತಿ ಹೊಲದ ದಿನಗೂಲಿ ಹೆಂಗಸು ಮಾಡುವ ನಮಸ್ಕಾರಗಳು. ಸುಖವಾಗಿ ಊರು ಸೇರಿದೆ. ಅಂಗಡಿ ಬಾಗಿಲು ತೆಗೆದರೆ ಹೊಲಿಗೆ ಮೆಷಿನ್ನಿನ ಮೇಲೆ ಧೂಳೋ ಧೂಳು. ಗಿರಾಕಿಗಳೆಲ್ಲ "ಎಲ್ಲಿ ಮಾಯವಾಗಿದ್ರಿ?" ಅಂತ ಕೇಳಿದರು. "ಮಗಳ ಸಂಶೋಧನೆಗೆ ಸಹಾಯ ಮಾಡೋಕೆ ಹೋಗಿದ್ದೆ" ಅಂದೆ. ಸುಳ್ಳೇನಲ್ಲವಲ್ಲ?

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ, ಹೂಂ" ಅನ್ನುವುದು ಬಿಟ್ಟರೆ ಬೇರೆ ಮಾತೇ ಆಡುವುದಿಲ್ಲ. ಕಾಗದದಲ್ಲಿ ಬರೀ ಹೂಂ ಅಂತ ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾದೀತು. ಅದಕ್ಕೇ ಈ ಕಾಗದ.

ಆ ದಿನದ್ದು ನೆನೆಸಿಕೊಂಡರೆ ನನಗೆ ಈಗಲೂ ನಗು. ನಾನೂ ನಿಮ್ಮ ನಿಜವಾದ ದಿನಗೂಲಿ ಗಿಣಿಯೂ ಸಾಲಿನಲ್ಲಿ ಬಗ್ಗಿಕೊಂಡು ಮೊಗ್ಗುಗಳ ತುದಿಗೆ ದಾರ ಕಟ್ಟುತ್ತಿದ್ದೆವು. (ಅವಳ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ ಅಂತ ಗಿಣಿ ಎಂದು ಕರೆದವಳು ನಾನೇ. ಈಗ ನಿಮ್ಮ ಆಫೀಸಿನವರೆಲ್ಲ ಹಾಗೇ ಕರೆಯುತ್ತಾರೆ.) ಅಷ್ಟರಲ್ಲಿ ನಿಮ್ಮ ನಿರ್ದೇಶಕರು ಅತಿಥಿಗಳನ್ನು ಕಟ್ಟಿಕೊಂಡು ಬಂದರು. ನನ್ನ ಅವತಾರವೋ! ನಿನ್ನಪ್ಪನ ಹಳೇ ಅಂಗಿ, ತಲೆಗೆ ಟವೆಲ್ಲು, ಮೊಣಕಾಲವರೆಗೂ ಮಣ್ಣು. "ಇವರು ಯಾರು?" ಅಂತ ಅವರು ಕೇಳಿದರು. ನೀನು ಒಮ್ಮೆ ನನ್ನ ಮುಖ ನೋಡಿದೆ. ಆಮೇಲೆ "ದಿನಗೂಲಿಯವರು, ಸರ್" ಅಂದೆ. ನಾನೇನು ಕಡಿಮೆಯೇ? ಎರಡೂ ಕೈ ಜೋಡಿಸಿ, "ಮೇಡಂ ನಮ್ಮನ್ನ ಚೆನ್ನಾಗಿ ನೋಡ್ಕೋತಾರೆ ಸರ್" ಅಂದುಬಿಟ್ಟೆ. ನಾಟಕದ ಕಂಪನಿ ಸೇರಬೇಕಾದವಳು ನಾನು, ತಪ್ಪಿ ಹೊಲಿಗೆಗೆ ಬಂದೆ.

ಅವರೆಲ್ಲ ಆಚೆ ಹೋದ ಮೇಲೆ ಗಿಣಿ ಬಾಯಿ ತೆರೆದುಕೊಂಡೇ ನಿಂತಿದ್ದಳು. "ಅಯ್ಯೋ ಅಕ್ಕಾ, ನೀವು ಅವರ ತಾಯಿ ಅಲ್ವಾ?" ಅಂದಳು. "ಬಾಯ್ಮುಚ್ಚೇ. ಯಾರಿಗಾದ್ರೂ ಹೇಳಿದ್ರೆ ನನ್ನ ಮಗಳ ಮರ್ಯಾದೆ ಹೋಗುತ್ತೆ" ಅಂತ ಹೇಳಿ, ಅವಳ ಮಗುವಿನ ಮೇಲೆ ಆಣೆ ಹಾಕಿಸಿಕೊಂಡೆ. ಆದ್ದರಿಂದ ಮೇಡಂ ನಿಶ್ಚಿಂತೆಯಿಂದಿರಬಹುದು.

ಆ ಮಗುವಿಗೆ ಒಂದು ಫ್ರಾಕು ಹೊಲಿಯಬೇಕು ಅಂತಿದ್ದೇನೆ. ಗಿಣಿಗೆ ಹೇಳಬೇಡ.

ಇಂತಿ ನಿಮ್ಮ ವಿಧೇಯಳಾದ ದಿನಗೂಲಿ
(ಅಮ್ಮ)


ಅಕ್ಟೋಬರ್ ೨೧

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಬಂತು. ಓದಿ ನಾನೂ ನಕ್ಕೆ. ಸಂಬಂಧಿಕರನ್ನು ಪ್ರಯೋಗದ ಹೊಲಕ್ಕೆ ಬಿಡಬಾರದು ಎಂದು ಇಲ್ಲಿ ನಿಯಮವಿದೆ. ಅದಕ್ಕಾಗಿ ಹಾಗೆ ಹೇಳಬೇಕಾಯಿತು. ನಿನಗೆ ಅರ್ಥವಾಗುತ್ತದೆ ಎಂದು ಗೊತ್ತಿತ್ತು.

ಮೊಗ್ಗಿನ ಬಾಯಿ ಯಾಕೆ ಕಟ್ಟುವುದು ಎಂದು ನೀನು ಕೇಳಿದಾಗಲೆಲ್ಲ ನನಗೆ ಪುರುಸೊತ್ತಿರಲಿಲ್ಲ. ಈಗ ಹೇಳುತ್ತೇನೆ. ನಮ್ಮಲ್ಲಿ ಎರಡು ಬಗೆಯ ಹತ್ತಿ ಇವೆ. ಒಂದರ ಎಳೆ ಬಹಳ ನಯ. ಆದರೆ ಮಣ್ಣಿನಲ್ಲಿ ಸೊರಗು ರೋಗ ಇದ್ದರೆ ಬೇರಿನಿಂದಲೇ ಒಣಗಿ ಸಾಯುತ್ತದೆ. ಇನ್ನೊಂದು ಕಾಡು ಜಾತಿಯದು. ಅದರ ಎಳೆಯನ್ನು ಯಾರೂ ಮೂಸಿ ನೋಡುವುದಿಲ್ಲ, ಆದರೆ ಎಂಥ ರೋಗದ ಮಣ್ಣಿನಲ್ಲೂ ಜಗ್ಗದೆ ನಿಲ್ಲುತ್ತದೆ. ಎರಡನ್ನೂ ಕೂಡಿಸಿ, ಅವುಗಳ ಮಕ್ಕಳು ಮೊಮ್ಮಕ್ಕಳಲ್ಲಿ ಯಾವುದು ನಿಲ್ಲುತ್ತದೆ ಯಾವುದು ಬೀಳುತ್ತದೆ ಎಂದು ನೋಡಿ, ರೋಗ ತಡೆಯುವ ಗುಣ ವಂಶವಾಹಿಯ ಯಾವ ಜಾಗದಲ್ಲಿ ಕೂತಿದೆ ಎಂದು ಹುಡುಕುವುದು ನನ್ನ ಕೆಲಸ.

ಅದಕ್ಕೆ ಯಾವ ಕಾಯಿಯ ತಂದೆ ತಾಯಿ ಯಾರು ಎನ್ನುವುದು ಖಚಿತವಾಗಿರಬೇಕು. ನೀಲಿ ದಾರದ ಮೊಗ್ಗು ಬಾಯಿ ಬಿಡದೆ ತನ್ನ ಪರಾಗದಿಂದಲೇ ಬೀಜ ಕಟ್ಟಿದ್ದು. ಹಸಿರು ದಾರದ್ದು ಗಿಣಿ ಬೇರೆ ಗಿಡದ ಪರಾಗ ಮುಟ್ಟಿಸಿದ್ದು. ಚೀಟಿ ಕಟ್ಟಿದರೆ ಮಳೆಗೆ ಅಳಿಸಿಹೋಗುತ್ತದೆ. ಹಾಗಾಗಿ ಕೊಯ್ಲಿನ ಹೊತ್ತಿಗೆ ದಾರದ ಬಣ್ಣವೊಂದೇ ಗುರುತು.

ಈ ಸಲದ ಬೀಜವನ್ನು ರೋಗದ ಮಣ್ಣಿನಲ್ಲಿ ಬಿತ್ತಿ ನೋಡಿದ ಮೇಲೆ ನನ್ನ ಕೆಲಸ ಕಾಯಂ ಆಗುವುದೋ ಇಲ್ಲವೋ ತೀರ್ಮಾನವಾಗುತ್ತದೆ. ಜನ ಸಿಗದ ಹೊತ್ತಿನಲ್ಲಿ ನೀನು ಬಂದು ದಾರ ಕಟ್ಟಿಕೊಟ್ಟಿದ್ದು ದೊಡ್ಡ ಉಪಕಾರ.

ನಿನ್ನ ಮಗಳು


ಡಿಸೆಂಬರ್ ೧೪

ಮಗಳೇ,

ಉಪಕಾರವಂತೆ! ಹೆತ್ತವಳಿಗೆ ಹೇಳುವ ಮಾತೇ ಅದು? ಇರಲಿ, ಕಾಗದ ಎರಡು ಪುಟ ಇತ್ತು, ಅದೇ ಸಂತೋಷ. ಬೀದಿಯಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದೆ. "ಸಾಯದ ಹತ್ತಿ ಕಂಡುಹಿಡೀತಾಳೆ ನನ್ನ ಮಗಳು" ಅಂದರೆ, ಎದುರಿನ ಔಷಧಿ ಅಂಗಡಿಯವನು "ಸಾಯದ ಮನುಷ್ಯನ್ನ ಕಂಡುಹಿಡಿದುಬಿಟ್ಟಾಳು, ನನ್ನ ಅಂಗಡಿ ಗತಿ?" ಅಂತಾನೆ.

ಇಲ್ಲೊಂದು ತಮಾಷೆ ಆಯಿತು. ದಪ್ಪ ಟೀಚರ್ ಗೊತ್ತಲ್ಲ, ಅವರ ಹಸಿರು ಬಟ್ಟೆಗೆ ಪೂರ್ತಿ ನೀಲಿ ದಾರದಲ್ಲಿ ಹೊಲಿದು ಕೊಟ್ಟಿದ್ದೇನೆ. ಅವರು ತಂದು ಮೇಜಿನ ಮೇಲೆ ಎಸೆದು, "ಇದೇನ್ರೀ ಇದು?" ಅಂದರು. "ಹೊಸ ಫ್ಯಾಷನ್ನು, ನಿಮಗೇ ಮೊದಲು" ಅಂದೆ. ಅವರು ನಗಲಿಲ್ಲ. ಬಿಚ್ಚಿ ಮತ್ತೆ ಹೊಲಿದುಕೊಟ್ಟೆ. ಅಂಗಡಿಯ ದೀಪ ಮಂಕಾಗಿದೆ, ಬದಲಾಯಿಸಬೇಕು.

ಗಿಣಿ ಹೇಗಿದ್ದಾಳೆ? ನೀನು ಅವಳ ವಿಷಯ ಬರೆಯಲೇ ಇಲ್ಲ.

ಅಮ್ಮ


ಫೆಬ್ರವರಿ ೨೬

ಅಮ್ಮನಿಗೆ,

ಬರೆಯಲು ತಡವಾಯಿತು. ಕೆಲಸ ಸರಿಯಾಗಿ ನಡೆಯುತ್ತಿಲ್ಲ. ಹಸಿರುಮನೆಯ ಟ್ರೇಗಳಲ್ಲಿ ರೋಗದ ಮಣ್ಣು ತುಂಬಿ ಬೀಜ ಹಾಕಿದ್ದೆವು. ನಿಲ್ಲಬೇಕಾದ ಸಸಿಗಳು ಬಿದ್ದಿವೆ. ಬೀಳಬೇಕಾದವು ತಲೆಯೆತ್ತಿ ನಿಂತಿವೆ. ಎಲೆ ಅರೆದು ವಂಶವಾಹಿ ಪರೀಕ್ಷೆ ಮಾಡಿಸಿದರೆ, ನೀಲಿ ದಾರದ ಬೀಜದಲ್ಲಿ ಬೇರೆ ತಂದೆಯ ಗುರುತು ಬರುತ್ತಿದೆ. ಎಲ್ಲ ಸಾಲುಗಳಲ್ಲಿ ಅಲ್ಲ, ಕೊನೆಯ ಕೆಲವು ಸಾಲುಗಳಲ್ಲಿ. ಆದರೆ ಇಷ್ಟು ಕಡೆ ತಪ್ಪಿದ ಮೇಲೆ ಉಳಿದ ಸಾಲುಗಳ ಬೀಜವನ್ನೂ ನಂಬುವ ಹಾಗಿಲ್ಲ. ಒಂದು ಇಡೀ ಹಂಗಾಮು ನೀರಿನಲ್ಲಿ ಹೋಮ.

ಅಮ್ಮ, ಕೊನೆಯ ಸಾಲುಗಳಲ್ಲಿ ದಾರದ ಬಣ್ಣವನ್ನು ನೀನು ಹೇಗೆ ಗುರುತಿಸುತ್ತಿದ್ದೆ? ಸುಮ್ಮನೆ ಕೇಳಿದೆ.

ನಿನ್ನ ಮಗಳು


ಮಾರ್ಚ್ ೧೧

ಮಗಳೇ,

ಸುಮ್ಮನೆ ಕೇಳಿದ್ದಲ್ಲ ಎಂದು ನನಗೆ ಗೊತ್ತು. ನಿನ್ನ ಕಾಗದ ಓದಿದ ಮಧ್ಯಾಹ್ನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ. ನೀಲಿ, ಹಸಿರು ಎರಡೂ ಒಂದೇ ಹಾಗೆ ಕಾಣುವುದು ಅದಕ್ಕೇ ಅಂತೆ. "ಎಷ್ಟು ದಿನದಿಂದ ಹೀಗಿದೆ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ಗೊತ್ತಿತ್ತು. ದರ್ಜಿಗೆ ಬಣ್ಣ ಕಾಣುವುದಿಲ್ಲ ಅಂತ ಹೇಗೆ ಬಾಯಿಬಿಟ್ಟು ಹೇಳಲಿ? ಅಂಗಡಿಗೆ ಯಾರು ಬಂದಾರು?

ನಿನ್ನ ಹೊಲದಲ್ಲಿ ಯಾವ ಮೊಗ್ಗು ಯಾವುದು ಎಂದು ಚೆನ್ನಾಗಿ ಗೊತ್ತಾಗುತ್ತಿತ್ತು. ಯಾವ ದಾರದ ಉಂಡೆ ಯಾವ ಬಣ್ಣದ್ದು ಎನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಗಿಣಿ ಪಕ್ಕದಲ್ಲಿದ್ದರೆ ಅವಳನ್ನು ಮಾತಿಗೆಳೆದು ಹೇಗೋ ತಿಳಿದುಕೊಳ್ಳುತ್ತಿದ್ದೆ. ಕೊನೆಯ ಸಾಲುಗಳಲ್ಲಿ ಅವಳು ಆ ತುದಿ, ನಾನು ಈ ತುದಿ. ಕೂಗಿ ಕೇಳಲು ನಾಚಿಕೆಯಾಯಿತು. ಒಂದು ಉಂಡೆ ಕೈಗೆ ನುಣುಪಾಗಿತ್ತು, ಅದೇ ನೀಲಿ ಇರಬೇಕು ಎಂದುಕೊಂಡೆ. ಎಂಥ ಕೆಲಸ ಮಾಡಿಬಿಟ್ಟೆ. ನಿನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿದೆ.

ಈಗ ನಾನು ಹೇಳುವುದು ಕೇಳು. ದೊಡ್ಡವರು ವಿಚಾರಿಸಿದರೆ, ಆ ದಿನಗೂಲಿ ಹೆಂಗಸಿನ ತಪ್ಪು ಅಂತ ಹೇಳಿಬಿಡು. ಕೆಲಸದಿಂದ ತೆಗೆದುಹಾಕಿದೆ ಅನ್ನು. ಅವಳು ಯಾರಿಗೂ ಏನೂ ಆಗಬೇಕಾದವಳಲ್ಲ, ಕೇಳಿಕೊಂಡು ಬರುವವರೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆವತ್ತು ನೀನು ಹಾಗೆ ಹೇಳಿದ್ದು ಈಗ ಎಷ್ಟು ಅನುಕೂಲಕ್ಕೆ ಬಂತು ನೋಡು.

ಅಮ್ಮ


ಏಪ್ರಿಲ್ ೨

ಅಮ್ಮನಿಗೆ,

ನೀನು ಹೇಳಿದ ಹಾಗೆಯೇ ಹೇಳಿದೆ. ವಿಚಾರಣೆ ಮುಗಿಯಿತು. ಮುಂದಿನ ಹಂಗಾಮಿಗೆ ಅವಕಾಶ ಕೊಟ್ಟಿದ್ದಾರೆ. ನೀನು ಬೇಗ ಕಣ್ಣಿನ ಆಪರೇಷನ್ ಮಾಡಿಸಿಕೊ.

ನಿನ್ನ ಮಗಳು


ಏಪ್ರಿಲ್ ೨೫

ಮಗಳೇ,

ಗಿಣಿಯ ಮಗುವಿನ ಫ್ರಾಕನ್ನು ನಿಮ್ಮ ಸಂಶೋಧನಾ ಕೇಂದ್ರದ ವಿಳಾಸಕ್ಕೇ ಕಳಿಸಿದ್ದೆ. ಇವತ್ತು ಪಾರ್ಸೆಲ್ಲು ವಾಪಸು ಬಂತು. ಮೇಲೆ "ಈಗ ಇಲ್ಲಿ ಕೆಲಸದಲ್ಲಿಲ್ಲ" ಅಂತ ಬರೆದಿದ್ದಾರೆ.

ಗಿಣಿ ಎಲ್ಲಿ?

ಅಮ್ಮ


ಮೇ ೧೭

ಮಗಳೇ,

ನಿನ್ನಿಂದ ಉತ್ತರ ಬರಲಿಲ್ಲ. ಮೊನ್ನೆ ನಾನೇ ನಿನ್ನ ಊರಿಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ.

ಗಿಣಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಂದೇ ಕೋಣೆ, ತುಂಬ ರಟ್ಟು. ಮನೆಯಲ್ಲೇ ಕೂತು ಯಾವುದೋ ಕಂಪನಿಗೆ ರಟ್ಟಿನ ಪೆಟ್ಟಿಗೆ ಮಡಚಿಕೊಡುತ್ತಾಳೆ. ಬೆರಳ ತುದಿಯೆಲ್ಲ ಕೊಯ್ದಿದೆ. ನನ್ನನ್ನು ನೋಡಿದವಳೇ ರಟ್ಟು ಸರಿಸಿ ಜಾಗ ಮಾಡಿದಳು. ಫ್ರಾಕು ಮಗುವಿಗೆ ಚಿಕ್ಕದಾಯಿತು. "ಬಿಡಿ ಅಕ್ಕ, ಬೊಂಬೆಗೆ ಹಾಕ್ತಾಳೆ" ಅಂದಳು.

ನಿನ್ನ ಮೇಲೆ ಅವಳು ಒಂದು ದೂರೂ ಹೇಳಲಿಲ್ಲ. ಎಲ್ಲವನ್ನೂ ನಾನೇ ಕೆದಕಿ ಕೆದಕಿ ಕೇಳಬೇಕಾಯಿತು. ನಿನ್ನ ಹೊಲದ ಹಾಜರಿ ಪುಸ್ತಕದಲ್ಲಿ ಇದ್ದದ್ದು ಅವಳೊಬ್ಬಳದೇ ಹೆಸರಂತೆ. ನನ್ನದು ಎಲ್ಲಿಂದ ಇರಬೇಕು? ದಿನಗೂಲಿಯವರ ತಪ್ಪು ಎಂದು ನೀನು ಹೇಳಿದ ಮೇಲೆ, ದಿನಗೂಲಿಯವಳು ಅಂತ ಇದ್ದವಳು ಅವಳು ಒಬ್ಬಳೇ ಅಲ್ಲವೇ? ಇಷ್ಟು ದಡ್ಡತನ ನನಗೆ ಎಲ್ಲಿಂದ ಬಂತೋ! ಇಲ್ಲದ ಹೆಂಗಸಿನ ತಲೆಗೆ ಕಟ್ಟಿದೆವು ಎಂದು ನಾನು ಜಂಬ ಪಟ್ಟುಕೊಂಡು ಕೂತಿದ್ದೆ.

"ದಾರ ಕಟ್ಟಿದ್ದು ನಾನು ಅಂತ ಒಂದು ಮಾತು ಹೇಳಬಾರದಾಗಿತ್ತೇನೇ?" ಅಂದೆ.

"ಆಣೆ ಹಾಕಿಸ್ಕೊಂಡಿದ್ರಲ್ಲಕ್ಕ, ಮಗು ಮೇಲೆ."

"ಇನ್ನೊಬ್ಬಳು ಯಾರು ಅಂತ ಅವರು ಕೇಳಲಿಲ್ವಾ?"

"ಕೇಳಿದ್ರು. ಯಾರೋ ಕೆಲಸ ಕೇಳ್ಕೊಂಡು ಬಂದೋರು, ಆಮೇಲೆ ಬರಲಿಲ್ಲ ಅಂದೆ. ಮೇಡಂ ಅಲ್ಲೇ ಕೂತಿದ್ರು. ಅವರೇ ಹೇಳ್ತಾರೇನೋ ಅಂತ ನೋಡ್ದೆ. ಅವರು ಕಿಟಕಿ ಕಡೆ ನೋಡ್ತಾ ಇದ್ರು."

ಕಿಟಕಿಯಲ್ಲಿ ಏನಿತ್ತು ಮಗಳೇ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಳೆದವಳು ನೀನು, ಸಲಾಕೆ ಕಾಯಿಸಿಕೊಟ್ಟವಳು ನಾನು. ಅವಳ ಮುಂದೆ ಕೂತಿರಲು ನನಗೆ ಆಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್‌ ಸ್ಟ್ಯಾಂಡಿನವರೆಗೂ ಬಂದು, ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಬಸ್ಸಿನ ಬೋರ್ಡು ಓದಿ ಹತ್ತಿಸಿದಳು.

ನಾನೇ ನಿಮ್ಮ ಆಫೀಸಿಗೆ ಬಂದು ಎಲ್ಲ ಹೇಳಬಹುದು. ಹೇಳುವುದಿಲ್ಲ. ನಾನು ಹೇಳಿದರೆ ಯಾರೋ ದಿನಗೂಲಿಯವಳು ಬಂದು ಹೇಳಿದ ಹಾಗಾಗುತ್ತದೆ. ಯಾವ ಕಾಯಿಯ ತಂದೆ ತಾಯಿ ಯಾರು ಎನ್ನುವುದು ಖಚಿತವಾಗಿರಬೇಕು ಎಂದು ನೀನು ಬರೆದಿದ್ದೆ. ನಿನ್ನ ತಾಯಿ ಯಾರು ಎಂದು ನೀನೇ ಹೇಳು.

ಅಮ್ಮ


ಜೂನ್ ೮

ಅಮ್ಮ,

ಮೊದಲು ಒಂದು ವಿಷಯ. ಸಂಬಂಧಿಕರನ್ನು ಹೊಲಕ್ಕೆ ಬಿಡಬಾರದು ಎಂಬ ನಿಯಮ ಇಲ್ಲಿ ಇಲ್ಲ. ಎಂದೂ ಇರಲಿಲ್ಲ. ನಿನ್ನ ಕಾಗದಕ್ಕೆ ಉತ್ತರ ಬರೆಯುವಾಗ ಹೊಳೆದ ಸುಳ್ಳು ಅದು.

ಆ ದಿನ ಹೊಲಕ್ಕೆ ಬರುವ ಮೊದಲು ಕಾಫಿ ಕುಡಿಯುತ್ತಾ ಅತಿಥಿಗಳಲ್ಲಿ ಒಬ್ಬರು ನಮ್ಮ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದ್ದರು. "ಬಟ್ಟೆ ವ್ಯಾಪಾರ" ಎಂದಿದ್ದೆ. ಅವರು ಅದನ್ನು ದೊಡ್ಡ ಅಂಗಡಿ ಎಂದುಕೊಂಡರು, ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ನೀನು ಅಪ್ಪನ ಅಂಗಿಯಲ್ಲಿ, ಮಣ್ಣು ಮೆತ್ತಿಕೊಂಡು ಎದುರಿಗೆ ನಿಂತಿದ್ದೆ. ನಿನ್ನನ್ನು ನೋಡಿ ನನಗೆ ನಾಚಿಕೆಯಾಯಿತು. ಇದನ್ನು ಬರೆಯುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿದೆ. ಆದರೂ ಬರೆಯುತ್ತಿದ್ದೇನೆ. ನೀನು ಕೈ ಜೋಡಿಸಿ ನನ್ನನ್ನು ಮೇಡಂ ಎಂದಾಗ ನನಗೆ ಅನ್ನಿಸಿದ್ದು ನೆಮ್ಮದಿ. ಬೇರೇನೂ ಅನ್ನಿಸಲಿಲ್ಲ.

ಇನ್ನೂ ಒಂದಿದೆ. ಹೊಲದಲ್ಲಿ ನೀನು ದಾರದ ಉಂಡೆಯನ್ನು ಕಣ್ಣಿನ ಹತ್ತಿರ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡುತ್ತಿದ್ದುದನ್ನು ನಾನು ನೋಡಿದ್ದೆ. ಕೇಳಿದರೆ ನೀನು ಕೆಲಸ ಬಿಟ್ಟುಬಿಡುತ್ತೀ, ಆಮೇಲೆ ಜನ ಸಿಗುವುದಿಲ್ಲ ಎಂದು ನೋಡದವಳ ಹಾಗೆ ಹೋದೆ. ತಪ್ಪು ನಿನ್ನ ಕಣ್ಣಿನದಲ್ಲ ಅಮ್ಮ.

ನಿನ್ನ ಕಾಗದ ಬಂದ ಮೇಲೆ ನಿರ್ದೇಶಕರ ಕೋಣೆಗೆ ಹೋದೆ. ಒಬ್ಬರೇ ಇದ್ದಾಗ ಹೇಳಿ ಮುಗಿಸಬೇಕು ಎಂದಿತ್ತು. ಅಲ್ಲಿ ಜನ ಇದ್ದರು, ಬಾಗಿಲಿಂದಲೇ ಹಿಂದಿರುಗಿದೆ. ಇನ್ನೊಂದು ದಿನ ಅವರು ಒಬ್ಬರೇ ಇದ್ದರು, ಆವತ್ತೂ ಏನೋ ಸಹಿ ಹಾಕಿಸಿಕೊಂಡು ಬಂದೆ. ಕೊನೆಗೆ ಎಲ್ಲರೂ ಸೇರಿದ್ದ ಸಭೆಯಲ್ಲಿ, ಹೊಸ ಹಂಗಾಮಿನ ಕೆಲಸ ಹಂಚುತ್ತಿದ್ದಾಗ ಎದ್ದು ನಿಂತೆ. ಮೊಗ್ಗು ಕಟ್ಟಿದವರು ನನ್ನ ತಾಯಿ, ಅವರು ದರ್ಜಿ, ಅವರ ಕಣ್ಣು ಸರಿಯಿಲ್ಲ ಎಂದು ಅನುಮಾನವಿದ್ದೂ ಕೆಲಸ ಮಾಡಿಸಿಕೊಂಡವಳು ನಾನು, ಗಿಣಿಗೆ ಇದರಲ್ಲಿ ಏನೂ ಸಂಬಂಧವಿಲ್ಲ ಎಂದು ಹೇಳಿದೆ. ಅರ್ಧ ಜನಕ್ಕೆ ಕೇಳಿಸಲಿಲ್ಲ. "ಇನ್ನೊಂದ್ಸಲ ಹೇಳಿ" ಎಂದು ಹಿಂದಿನಿಂದ ಯಾರೋ ಅಂದರು. ಮತ್ತೆ ಮೊದಲಿಂದ ಹೇಳಬೇಕಾಯಿತು.

ನಿರ್ದೇಶಕರು, "ಆವತ್ತು ಕೈ ಮುಗಿದ್ರಲ್ಲ, ಅವರಾ?" ಎಂದು ಕೇಳಿದರು.

"ಹೌದು ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ದಾರ ತಪ್ಪಿದ್ರೆ ಇನ್ನೊಂದು ಹಂಗಾಮಿದೆ ಕಣಮ್ಮ. ಆದ್ರೆ ತಾಯೀನ..." ಎಂದರು. ಎಲ್ಲರೂ ತಮ್ಮ ತಮ್ಮ ಕಾಗದಗಳನ್ನು ನೋಡುತ್ತಾ ಕೂತರು.

ರೋಗನಿರೋಧದ ಕೆಲಸವನ್ನು ಈಗ ನನ್ನ ಸಹೋದ್ಯೋಗಿಗೆ ಕೊಟ್ಟಿದ್ದಾರೆ. ನಾನು ಅವರ ಕೈಕೆಳಗೆ ಇರುತ್ತೇನೆ. ಕೆಲಸ ಕಾಯಂ ಆಗುವ ಮಾತು ಸದ್ಯಕ್ಕಿಲ್ಲ. ಗಿಣಿಯನ್ನು ವಾಪಸು ಕರೆಯಲು ಒಪ್ಪಿದರು. ಆ ಸುದ್ದಿ ತಿಳಿಸಲು ನಾನೇ ಅವಳ ಮನೆಗೆ ಹೋದೆ. ಕ್ಷಮೆ ಕೇಳಿದೆ. ಅವಳು ಪೆಟ್ಟಿಗೆ ಮಡಚುತ್ತಲೇ ಇದ್ದಳು. "ಕೆಲಸಕ್ಕೆ ಬರ್ತೀನಿ ಮೇಡಂ. ನಿಮ್ಮ ಸಾಲಿಗೆ ಮಾತ್ರ ಹಾಕ್ಬೇಡಿ" ಎಂದಳು. ಅಷ್ಟೇ.

ನಿನ್ನನ್ನು ನೋಡಬೇಕು ಅನ್ನಿಸುತ್ತದೆ. ಯಾವ ಮುಖ ಹೊತ್ತುಕೊಂಡು ಬರಲಿ ಎಂದು ತಿಳಿಯುತ್ತಿಲ್ಲ. ಬರಲೇ?

ನಿನ್ನ ಮಗಳು


ಜೂನ್ ೩೦

ಮಗಳೇ,

ಒಂದು ಕಣ್ಣಿನ ಆಪರೇಷನ್ ಆಯಿತು. ಇನ್ನೊಂದು ಮುಂದಿನ ತಿಂಗಳು. ಪಟ್ಟಿ ಬಿಚ್ಚಿದ ಮೇಲೆ ಅಂಗಡಿಗೆ ಬಂದು ನೋಡಿದರೆ ಗೋಡೆ ಎಷ್ಟು ಕೊಳಕಾಗಿದೆ ಎಂದು ಗೊತ್ತಾಯಿತು. ಇಷ್ಟು ದಿನ ಯಾರೂ ಹೇಳಲಿಲ್ಲ ನೋಡು. ದಪ್ಪ ಟೀಚರಿಗೆ ನಿಜ ಹೇಳಿದೆ. ಅವರು "ಮೊದಲೇ ಹೇಳೋಕೇನ್ರೀ" ಎಂದು ಬೈದು, ಇನ್ನೆರಡು ಬಟ್ಟೆ ಕೊಟ್ಟು ಹೋದರು. ನಾನು ಹೆದರಿಕೊಂಡಿದ್ದಷ್ಟು ಏನೂ ಆಗಲಿಲ್ಲ. ಒಂದು ವರ್ಷ ಮೊದಲೇ ಹೇಳಿದ್ದರೆ ಗಿಣಿಯ ಬೆರಳು ಕೊಯ್ಯುತ್ತಿರಲಿಲ್ಲ. ಇದು ನನ್ನನ್ನು ಬಿಡುವುದಿಲ್ಲ, ಬಿಡಲೂ ಬಾರದು. ಅವಳ ಮಗುವಿಗೆ ದೊಡ್ಡ ಅಳತೆಯಲ್ಲಿ ಬೇರೆ ಫ್ರಾಕು ಹೊಲಿದು ಅವಳ ಮನೆಗೇ ಕಳಿಸಿದ್ದೇನೆ. ಅವಳಿಂದ ಸುದ್ದಿಯಿಲ್ಲ.

ನೀನು ಸಭೆಯಲ್ಲಿ ಎದ್ದು ನಿಂತು ಹೇಳಿದ್ದು ಒಳ್ಳೆಯದಾಯಿತು. ಎರಡು ಸಲ ಹೇಳಬೇಕಾಗಿ ಬಂದದ್ದೂ ಒಳ್ಳೆಯದೇ. ಆದರೆ ನಾನೂ ಒಂದು ನಿಜ ಹೇಳಬೇಕು. ಆವತ್ತಿನದು ನೆನೆಸಿಕೊಂಡು ನಾನು ಎಂದೂ ನಕ್ಕಿಲ್ಲ. ನನಗೆ ಬಹಳ ನೋವಾಯಿತು. ನೀನು ನನ್ನ ಮುಖ ನೋಡಿದೆಯಲ್ಲ, ಆ ಗಳಿಗೆಯಲ್ಲಿ "ಅಮ್ಮ ಅನ್ನುತ್ತಾಳೆ" ಎಂದು ಟವೆಲ್ಲು ತೆಗೆದು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದ್ದೆ. ಆ ಕೈಯನ್ನೇ ಮುಗಿಯಬೇಕಾಯಿತು. ಆಮೇಲೆ ತಮಾಷೆ ಮಾಡಿದ್ದು ನಿನಗಾಗಿ ಅಲ್ಲ, ನನಗಾಗಿ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಇನ್ನೂ ಹಾಕಿಕೊಂಡಿಲ್ಲ.

ಬರಲೇ ಎಂದು ಕೇಳಿದ್ದೀಯ. ಬಾ. ಕತ್ತಲಾದ ಮೇಲೆ ಬಂದು ಹಿಂದಿನ ಬಾಗಿಲು ತಟ್ಟಬೇಡ. ಹಗಲು ಹೊತ್ತು, ಬೀದಿಯಲ್ಲಿ ಜನ ಓಡಾಡುವಾಗ ಬಾ. ಬೀದಿಯ ತುದಿಯಿಂದಲೇ "ಅಮ್ಮಾ" ಎಂದು ಕೂಗಿಕೊಂಡು ಬಾ. ನಾನು ಕೇಳಿಸದವಳ ಹಾಗೆ ಮೆಷಿನ್ ತುಳಿಯುತ್ತಿರುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಇನ್ನೊಂದು ಸಲ ಕೂಗು.

ಅಮ್ಮ